ದುಂಡಾಣುವಿನ ಪ್ರೋಟೀನ್ ಹೊಲಕ್ಕೆ ಬಂದಾಗ: ಯಾವುದು ಕೊಲ್ಲುತ್ತದೆ, ಯಾವುದು ಕಾಯುತ್ತದೆ?

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಎರಡು ಹೊಸ ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು ಡಿಆರ್‌ಆರ್ ಧಾನ್ 100, ಅದಕ್ಕಿಟ್ಟ ಹೆಸರು ಕಮಲಾ. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1. ಎರಡನ್ನೂ ಜೀನೋಮ್ ತಿದ್ದುಪಡಿಯಿಂದ, ಅಂದರೆ ಗಿಡದ ಸ್ವಂತ ವಂಶವಾಹಿಯನ್ನೇ ಕತ್ತರಿಸಿ ತಿದ್ದಿ, ರೂಪಿಸಲಾಗಿದೆ. ಇವು ಕುಲಾಂತರಿ, ಅಂದರೆ ಬೇರೆ ಜೀವಿಯ ವಂಶವಾಹಿಯನ್ನು ಸೇರಿಸಿದ ಬೆಳೆ, ಅಲ್ಲ ಎಂದು ಸರ್ಕಾರ ಹೇಳುತ್ತದೆ. ದುಂಡಾಣುವಿನ ಪ್ರೋಟೀನನ್ನು ಬಳಸಿ ವಂಶವಾಹಿಯನ್ನು ಕತ್ತರಿಸಿದ ಮೇಲೆ ಅದನ್ನು ಕುಲಾಂತರಿ ಎನ್ನದೆ ಬೇರೇನೆನ್ನಬೇಕು ಎಂದು ವಿರೋಧಿಸುವವರು ಕೇಳುತ್ತಾರೆ. ಅದಕ್ಕೂ ಮುಂಚೆ, 2024ರ ಜುಲೈ 23ರಂದು, ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದ್ದರು. ಅಮೆರಿಕದೊಂದಿಗಿನ ವ್ಯಾಪಾರ ಮಾತುಕತೆಯಲ್ಲಂತೂ ಅಲ್ಲಿನ ಕುಲಾಂತರಿ ಮೆಕ್ಕೆಜೋಳವನ್ನು ಒಳಗೆ ಬಿಟ್ಟುಕೊಳ್ಳಬೇಕೇ ಬೇಡವೇ ಎಂಬ ಜಗ್ಗಾಟ ಮತ್ತೆ ಮತ್ತೆ ತಲೆ ಎತ್ತಿದೆ.

ದಾವಣಗೆರೆ, ಚಿತ್ರದುರ್ಗದ ಓದುಗರಿಗೆ ಇವು ದೂರದ ಸುದ್ದಿಗಳಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಾರೆ, ಮಳೆಯನ್ನೇ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಹಿರಿಯೂರು, ಹೊಸದುರ್ಗ, ಚಳ್ಳಕೆರೆಯ ಕಡೆ ದಾಳಿಂಬೆ ಇದೆ, ಹತ್ತಿಯೂ ಇದೆ. ಸಾಸಿವೆ ನಮ್ಮ ಕಡೆ ಒಗ್ಗರಣೆಗೆ ಮಾತ್ರ ಬೇಕಾದ ಕಾಳು, ನಿಜ. ಆದರೆ ಅದರ ಬಗ್ಗೆ ನ್ಯಾಯಾಲಯ ಹೇಳುವ ಮಾತು ನಾಳೆ ಮೆಕ್ಕೆಜೋಳಕ್ಕೂ ಅನ್ವಯಿಸುತ್ತದೆ.

ಈ ಎಲ್ಲ ಸುದ್ದಿಗಳಲ್ಲೂ ಸಾಮಾನ್ಯವಾಗಿ ಕಾಣುವುದು ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ಅದರಿಂದ ತಂದ ಒಂದು ಪ್ರೋಟೀನ್ ಜೀವಕೋಶವನ್ನು ಸಾಯಿಸುತ್ತದೆ. ಇನ್ನೊಂದು ಬರಗಾಲದಲ್ಲಿ ಕೋಶವನ್ನು ಉಳಿಸುತ್ತದೆ. ಮತ್ತೊಂದು ಬಂದು, ಕತ್ತರಿಸಿ, ಹೊರಟುಹೋಗುತ್ತದೆ. ಮೂರನ್ನೂ ಒಂದೇ ಮಾತಿನಲ್ಲಿ ಬೈಯುವುದು ಅಥವಾ ಒಂದೇ ಮಾತಿನಲ್ಲಿ ಹೊಗಳುವುದು ಈಗಿನ ಗೊಂದಲದ ಮೂಲ. ಆ ಪ್ರೋಟೀನ್ ಯಾವ ಕೋಶದಲ್ಲಿ, ಯಾವಾಗ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಕೆಲಸ ಮಾಡುತ್ತದೆ ಎಂದು ಕೇಳಿದರೆ ಮಾತ್ರ ಚಿತ್ರ ತಿಳಿಯಾಗುತ್ತದೆ.

ಸಾಯುವುದೂ ಕೋಶದ ಕೆಲಸ

ಜೀವಕೋಶ ಎರಡು ಬಗೆಯಲ್ಲಿ ಸಾಯುತ್ತದೆ. ಸುಟ್ಟರೆ, ಜಜ್ಜಿದರೆ, ವಿಷ ಬಿದ್ದರೆ ಸಾಯುವುದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಕೋಶ ತನ್ನೊಳಗೇ ಇರುವ ಸೂಚನೆಯಂತೆ ತಾನಾಗಿ ತನ್ನನ್ನು ಕಳಚಿಕೊಳ್ಳುತ್ತದೆ. ಇದನ್ನು ಯೋಜಿತ ಕೋಶಮರಣ ಎನ್ನುತ್ತಾರೆ. ಗರ್ಭದಲ್ಲಿರುವ ಮಗುವಿನ ಬೆರಳುಗಳ ನಡುವಿನ ಪೊರೆ ಕರಗಿ ಬೆರಳುಗಳು ಬಿಡಿಬಿಡಿಯಾಗುವುದು, ಗೊದಮೊಟ್ಟೆಯ ಬಾಲ ಕರಗಿ ಕಪ್ಪೆಯಾಗುವುದು ಇದರಿಂದಲೇ.

ಗಿಡಗಳಲ್ಲೂ ಇದು ನಿತ್ಯ ನಡೆಯುತ್ತದೆ. ಮಳೆ ಹೆಚ್ಚಾಗಿ ಮೆಕ್ಕೆಜೋಳದ ಹೊಲದಲ್ಲಿ ನೀರು ನಿಂತಿತೆಂದುಕೊಳ್ಳಿ. ಬೇರಿಗೆ ಗಾಳಿ ಸಿಗುವುದಿಲ್ಲ. ಆಗ ಬೇರಿನ ಒಳಭಾಗದ ಕೆಲವು ಕೋಶಗಳು ಸಾಲಾಗಿ ಸಾಯುತ್ತವೆ, ಅವು ಬಿಟ್ಟುಹೋದ ಜಾಗ ಉದ್ದನೆಯ ಕೊಳವೆಯಾಗಿ ಮೇಲಿನಿಂದ ಬೇರಿನ ತುದಿಗೆ ಗಾಳಿ ಇಳಿಯುತ್ತದೆ. ಕೆಲವು ಕೋಶಗಳು ಸತ್ತಿದ್ದರಿಂದಲೇ ಗಿಡ ಉಳಿಯಿತು. ಒತ್ತಡ ತಡೆಯುವ ಶಕ್ತಿ ಮತ್ತು ಕೋಶಮರಣ ಒಂದಕ್ಕೊಂದು ಎದುರಾಳಿಗಳೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಎರಡೂ ಒಂದೇ ಲೆಕ್ಕಾಚಾರದ ಭಾಗಗಳು: ಯಾವ ಕೋಶವನ್ನು ಬಿಟ್ಟುಕೊಟ್ಟರೆ ಉಳಿದ ಜೀವ ನಿಲ್ಲುತ್ತದೆ ಎಂಬ ಲೆಕ್ಕ.

ಒಂದೇ ಕೋಶದೊಳಗೆ ವಿಷವೂ ಮದ್ದೂ

ಇಂಥ ಪ್ರೋಟೀನ್‌ಗಳಿಗಾಗಿ ವಿಜ್ಞಾನಿಗಳು ದುಂಡಾಣುವಿನ ಬಳಿಗೇ ಏಕೆ ಹೋಗುತ್ತಾರೆ? ಏಕೆಂದರೆ ಒಂದೇ ಕೋಶದ ಈ ಜೀವಿ ಬಿಸಿಲು, ಚಳಿ, ಹಸಿವು, ವೈರಸ್ ಎಲ್ಲವನ್ನೂ ಒಂಟಿಯಾಗಿ ಎದುರಿಸಬೇಕು. ಕೋಟ್ಯಂತರ ವರ್ಷಗಳಲ್ಲಿ ಅದು ಕಟ್ಟಿಕೊಂಡಿರುವ ಉಪಾಯಗಳು ಬೆರಗು ಹುಟ್ಟಿಸುವಂಥವು.

ಅವುಗಳಲ್ಲಿ ಒಂದು ವಿಷ ಮತ್ತು ಪ್ರತಿವಿಷದ ಜೋಡಿ. ನಮ್ಮ ಕರುಳಿನಲ್ಲಿಯೂ ಇರುವ ಇ. ಕೋಲಿ ದುಂಡಾಣು ಮ್ಯಾಜ್‌ಎಫ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಇದು ವಂಶವಾಹಿಯ ಸಂದೇಶ ಹೊತ್ತ ಆರ್‌ಎನ್‌ಎಯನ್ನು ತುಂಡರಿಸುತ್ತದೆ. ಸಂದೇಶ ತುಂಡಾದರೆ ಕೋಶದ ಕೆಲಸವೆಲ್ಲ ನಿಂತಂತೆ. ಜೊತೆಗೇ ಮ್ಯಾಜ್‌ಇ ಎಂಬ ಪ್ರತಿವಿಷವನ್ನೂ ಅದು ತಯಾರಿಸುತ್ತದೆ, ಇದು ಮ್ಯಾಜ್‌ಎಫ್ ಅನ್ನು ಅಪ್ಪಿ ಹಿಡಿದು ಸುಮ್ಮನಿರಿಸುತ್ತದೆ. ವಿಷ ಬಹಳ ಹೊತ್ತು ಉಳಿಯುತ್ತದೆ, ಪ್ರತಿವಿಷ ಬೇಗ ಕರಗುತ್ತದೆ ಎಂಬುದು ಇಲ್ಲಿಯ ಮರ್ಮ. ಆಹಾರ ಸಿಗುವವರೆಗೆ ಕೋಶ ಹೊಸ ಪ್ರತಿವಿಷ ಮಾಡುತ್ತಲೇ ಇರುತ್ತದೆ. ಹಸಿವು ಬಂತೋ, ಪ್ರತಿವಿಷ ಕಡಿಮೆಯಾಯಿತು, ವಿಷ ಬಿಡುಗಡೆಯಾಯಿತು.

ಆಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿಯೇ ದೊಡ್ಡ ಜಗಳ ನಡೆದಿದೆ. ಇದು ದುಂಡಾಣುವಿನ ಯೋಜಿತ ಮರಣ, ಕೆಲವು ಸತ್ತು ಉಳಿದವಕ್ಕೆ ಆಹಾರವಾಗುತ್ತವೆ ಎಂದು ಇಸ್ರೇಲಿನ ಹನ್ನಾ ಎಂಗೆಲ್‌ಬರ್ಗ್-ಕುಲ್ಕಾ ಅವರ ತಂಡ 1996ರಲ್ಲಿ ವಾದಿಸಿತು. ಇಲ್ಲ, ಇದು ಸಾವಲ್ಲ, ಗಾಢ ನಿದ್ರೆ, ಪ್ರತಿವಿಷ ಮತ್ತೆ ಬಂದರೆ ಕೋಶ ಏಳುತ್ತದೆ ಎಂದು ಡೆನ್ಮಾರ್ಕಿನ ಕೆನ್ ಗೆರ್ಡೆಸ್ ಅವರ ತಂಡ ತೋರಿಸಿತು. ಈ ವ್ಯತ್ಯಾಸದ ಪರಿಣಾಮ ಆಸ್ಪತ್ರೆಯವರೆಗೂ ಮುಟ್ಟುತ್ತದೆ. ಹೆಚ್ಚಿನ ಆಂಟಿಬಯೋಟಿಕ್‌ಗಳು ಬೆಳೆಯುತ್ತಿರುವ ದುಂಡಾಣುವನ್ನು ಹೊಡೆಯುತ್ತವೆ, ಮಲಗಿರುವುದು ತಪ್ಪಿಸಿಕೊಳ್ಳುತ್ತದೆ. ಕ್ಷಯದ ದುಂಡಾಣುವಿನಲ್ಲಿ ಇಂಥ ಜೋಡಿಗಳು 70ಕ್ಕೂ ಹೆಚ್ಚಿವೆ. ಕೆಮ್ಮು ನಿಂತ ಮೇಲೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು ಎಂದು ವೈದ್ಯರು ಪಟ್ಟು ಹಿಡಿಯುವುದು ಹೀಗೆ ಮಲಗಿ ಉಳಿಯುವ ದುಂಡಾಣುಗಳ ಭಯದಿಂದ.

ಈ ಜೋಡಿಯನ್ನು ನೆನಪಿಡಬೇಕು. ಸಾಸಿವೆಯ ವಿವಾದದಲ್ಲಿ ಹೆಚ್ಚುಕಡಿಮೆ ಇದೇ ತಂತ್ರ ಮತ್ತೆ ಎದುರಾಗುತ್ತದೆ.

ಪ್ರಯೋಗಾಲಯವಿಲ್ಲದೆ ನಡೆಯುವ ವಂಶವಾಹಿ ಆಟ

ದುಂಡಾಣುವಿನ ಪ್ರೋಟೀನ್ ಗಿಡದ ಕೋಶದೊಳಗೆ ಹೋಗುವುದು ಮನುಷ್ಯ ಕಂಡುಹಿಡಿದ ವಿದ್ಯೆಯಲ್ಲ. ಹಿರಿಯೂರಿನ ಭಗವಾ ದಾಳಿಂಬೆ ತೋಟಗಳಲ್ಲಿ ಅದು ಪ್ರತಿ ಮಳೆಗಾಲದಲ್ಲೂ ನಡೆಯುತ್ತಿದೆ. ದುಂಡಾಣು ಅಂಗಮಾರಿ ಎಂದು ರೈತರು ಕರೆಯುವ ರೋಗ ಜಾಂತೋಮೊನಾಸ್ ಎಂಬ ದುಂಡಾಣುವಿನದು. ಎಲೆಯ ಮೇಲೆ ಎಣ್ಣೆ ಸವರಿದಂಥ ಚುಕ್ಕೆ ಮೂಡುತ್ತದೆ, ಕಾಯಿ ಎಲ್ ಅಥವಾ ವೈ ಆಕಾರದಲ್ಲಿ ಸೀಳುತ್ತದೆ, ಆಮೇಲೆ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಭದ್ರಾ ಬಯಲಿನ ಭತ್ತದ ಎಲೆ ತುದಿಯಿಂದ ಒಣಗುತ್ತಾ ಬರುವ ಅಂಗಮಾರಿಯೂ ಇದೇ ಕುಲದ್ದು.

ಈ ದುಂಡಾಣುವಿಗೆ ಸೂಜಿಯಂಥ ಒಂದು ಅಂಗವಿದೆ. ಅದನ್ನು ಗಿಡದ ಕೋಶಕ್ಕೆ ಚುಚ್ಚಿ ತನ್ನ ಹತ್ತಾರು ಪ್ರೋಟೀನ್‌ಗಳನ್ನು ಒಳಕ್ಕೆ ಸುರಿಯುತ್ತದೆ. ಅವುಗಳಲ್ಲಿ ಕೆಲವು ಗಿಡದ ಕಾವಲು ವ್ಯವಸ್ಥೆಯನ್ನು ಕುರುಡಾಗಿಸುತ್ತವೆ. ಕೆಲವು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ಗಿಡದ ವಂಶವಾಹಿಯ ಮೇಲೆ ಕುಳಿತು, ಸಕ್ಕರೆಯನ್ನು ಹೊರಗೆ ಬಿಡುವ ಬಾಗಿಲನ್ನು ತೆರೆಸುತ್ತವೆ. ಹೊರಗೆ ಹರಿದ ಸಕ್ಕರೆಯೇ ದುಂಡಾಣುವಿನ ಊಟ.

ಗಿಡವೂ ಸುಮ್ಮನಿರುವುದಿಲ್ಲ. ಒಳಬಂದ ಪ್ರೋಟೀನನ್ನು ಗುರುತಿಸುವ ವಂಶವಾಹಿ ಅದಕ್ಕಿದ್ದರೆ, ರೋಗ ತಗುಲಿದ ಜಾಗದ ಸುತ್ತಲಿನ ಕೋಶಗಳು ಗಂಟೆಗಳೊಳಗೆ ತಾವಾಗಿ ಸಾಯುತ್ತವೆ. ದುಂಡಾಣುವಿಗೆ ಮುಂದೆ ಜೀವಂತ ಕೋಶವಿಲ್ಲ, ಊಟವಿಲ್ಲ. ಬೆಂಕಿ ಹರಡದಂತೆ ಸುತ್ತಲಿನ ಹುಲ್ಲನ್ನು ಮೊದಲೇ ಸುಟ್ಟು ತೆರವು ಮಾಡುವ ಉಪಾಯದಂತೆ ಇದು. ಎಲೆಯ ಮೇಲೆ ಸಣ್ಣ ಕಂದು ಚುಕ್ಕೆ ಉಳಿಯುತ್ತದೆ, ಗಿಡ ಬದುಕುತ್ತದೆ.

ಹಾರ್ಪಿನ್ ಎಂಬ ದುಂಡಾಣು ಪ್ರೋಟೀನಿನ ಕಥೆ ಇನ್ನೂ ಕುತೂಹಲದ್ದು. ಸೇಬು ಮತ್ತು ಪೇರ್ ಮರಗಳಿಗೆ ರೋಗ ತರುವ ದುಂಡಾಣುವಿನಿಂದ 1992ರಲ್ಲಿ ಅಮೆರಿಕದಲ್ಲಿ ಇದನ್ನು ಬೇರ್ಪಡಿಸಿದರು. ಎಲೆಯೊಳಗೆ ಹೆಚ್ಚು ಪ್ರಮಾಣದಲ್ಲಿ ತುಂಬಿದರೆ ಆ ಭಾಗದ ಕೋಶಗಳು ಸಾಯುತ್ತವೆ. ತೆಳುವಾಗಿ ಸಿಂಪಡಿಸಿದರೆ ಯಾವ ಕೋಶವೂ ಸಾಯದೆ ಇಡೀ ಗಿಡ ಎಚ್ಚರಗೊಂಡು ರೋಗಕ್ಕೆ ಸಿದ್ಧವಾಗುತ್ತದೆ. ಅದೇ ಪ್ರೋಟೀನ್, ಪ್ರಮಾಣ ಬೇರೆ, ಫಲ ಬೇರೆ.

ಗಿಡದ ಈ ತಿಳಿವಳಿಕೆಯನ್ನು ಬಳಸಿಕೊಂಡು ಕುಲಾಂತರಿ ಮಾಡದೆಯೇ ಭತ್ತಕ್ಕೆ ಪರಿಹಾರ ಸಿಕ್ಕಿದೆ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಅಲ್ಲಿನ ಕೋಶ ಹಾಗೂ ಅಣುಜೀವಶಾಸ್ತ್ರ ಕೇಂದ್ರ ಸಿಸಿಎಂಬಿ ಸೇರಿ ರೂಪಿಸಿದ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಅಂಗಮಾರಿ ತಡೆಯುವ ಮೂರು ವಂಶವಾಹಿಗಳಿವೆ. ಒಂದು ಆಫ್ರಿಕಾದ ಕಾಡುಭತ್ತದಿಂದ ಬಂದದ್ದು, ದುಂಡಾಣುವಿನ ಗುರುತು ಹಿಡಿಯುತ್ತದೆ. ಇನ್ನೊಂದರಿಂದ ಸಕ್ಕರೆಯ ಬಾಗಿಲಿನ ಬೀಗವೇ ಬದಲಾಗುತ್ತದೆ, ದುಂಡಾಣುವಿನ ಕೀಲಿ ಅದಕ್ಕೆ ಹೊಂದುವುದಿಲ್ಲ. ಸಾಮಾನ್ಯ ಅಡ್ಡತಳೀಕರಣದಿಂದಲೇ ಇದು ಸಾಧ್ಯವಾಯಿತು. ಕುಲಾಂತರಿಯ ಪರವಾಗಿರುವವರು ಈ ಉದಾಹರಣೆಯನ್ನು ಅಪರೂಪಕ್ಕೆ ಹೇಳುತ್ತಾರೆ, ಹೇಳಬೇಕಾದುದು ನ್ಯಾಯ.

ದಾಳಿಂಬೆಗೆ ಆ ಭಾಗ್ಯವಿಲ್ಲ. ಭಗವಾ ಗಿಡಗಳೆಲ್ಲ ಕಸಿ, ಗೂಟಿಗಳಿಂದ ಬಂದ ಒಂದೇ ತಳಿಯ ಪ್ರತಿಗಳು, ಒಂದಕ್ಕೆ ತಡೆಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ. ಹಾಗಾಗಿ ತಾಮ್ರದ ಔಷಧದ ಜೊತೆ ಸ್ಟ್ರೆಪ್ಟೊಸೈಕ್ಲಿನ್ ಬೆರೆಸಿ ಹೊಡೆಯುವುದೇ ರೂಢಿಯಾಯಿತು. ಮನುಷ್ಯರಿಗೆ ಬೇಕಾದ ಆಂಟಿಬಯೋಟಿಕ್ ತೋಟಕ್ಕೆ ಹರಿಯುವುದು ಸರಿಯಲ್ಲವೆಂದು ಕೃಷಿಯಲ್ಲಿ ಅದರ ಬಳಕೆ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು.

ಹುಳುವಿನ ಹೊಟ್ಟೆಯೊಳಗೆ

ಬಿಟಿ ಹತ್ತಿ ಭಾರತದಲ್ಲಿ ಅನುಮತಿ ಪಡೆದದ್ದು 2002ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ, 1998ರಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರಾಜ್ಯ ರೈತ ಸಂಘ ಅದರ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಿತ್ತು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಸುತ್ತ ಈ ಚರ್ಚೆ ಹೊಸದೇನಲ್ಲ.

ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿಟಿ, ಎಂಬ ಮಣ್ಣಿನ ದುಂಡಾಣು ಹರಳಿನಂಥ ಪ್ರೋಟೀನನ್ನು ಮಾಡುತ್ತದೆ. ಅದರ ವಂಶವಾಹಿಯನ್ನು ಸೇರಿಸಿದ ಹತ್ತಿಯೇ ಬಿಟಿ ಹತ್ತಿ. ಕಾಯಿಕೊರಕ ಹುಳು ಅದನ್ನು ತಿಂದಾಗ ಕರುಳಿನ ಕ್ಷಾರದಲ್ಲಿ ಹರಳು ಕರಗುತ್ತದೆ. ಕರಗಿದ ಪ್ರೋಟೀನ್ ಕರುಳಿನ ಕೋಶದ ಮೇಲಿರುವ ನಿರ್ದಿಷ್ಟ ಗ್ರಾಹಕಕ್ಕೆ, ಅಂದರೆ ತನ್ನನ್ನು ಹಿಡಿದುಕೊಳ್ಳುವ ಅಣುವಿಗೆ, ಅಂಟಿಕೊಂಡು ರಂಧ್ರ ಕೊರೆಯುತ್ತದೆ. ರಂಧ್ರದಿಂದ ನೀರು ನುಗ್ಗಿ ಕೋಶ ಒಡೆಯುತ್ತದೆ. ಪ್ರೋಟೀನ್ ಅಂಟಿದ ಕೂಡಲೇ ಕೋಶದೊಳಗೆ ಸಾವಿನ ಸೂಚನೆ ಹೊರಡುತ್ತದೆ, ಕೋಶ ತಾನಾಗಿ ಸಾಯುತ್ತದೆ ಎಂಬ ಇನ್ನೊಂದು ವಾದವೂ ಇದೆ. ಮನುಷ್ಯನ ಹೊಟ್ಟೆಯಲ್ಲಿರುವುದು ಆಮ್ಲ, ಆ ಗ್ರಾಹಕವೂ ನಮ್ಮ ಕರುಳಿನಲ್ಲಿಲ್ಲ. ಬಿಟಿ ತಿಂದರೆ ಹುಳುವಿನಂತೆ ನಾವೂ ಸಾಯುತ್ತೇವೆ ಎಂಬ ಭಯಕ್ಕೆ ಆಧಾರ ಸಿಗದಿರುವುದು ಈ ಕಾರಣಕ್ಕೆ.

ಆದರೆ ಹೊಲದಲ್ಲಿ ಬಿಟಿ ಸೋತದ್ದು ಬೇರೊಂದು ಕಾರಣಕ್ಕೆ, ಆ ಕಾರಣವೂ ಕೋಶದ ಮಟ್ಟದಲ್ಲೇ ಇದೆ. ಇಡೀ ಗಿಡ, ಇಡೀ ಹಂಗಾಮು, ಊರಿನ ಎಲ್ಲ ಹೊಲಗಳಲ್ಲಿ ಅದೇ ಪ್ರೋಟೀನ್ ಇದ್ದಾಗ, ಗ್ರಾಹಕದಲ್ಲಿ ಸ್ವಲ್ಪ ವ್ಯತ್ಯಾಸವಿರುವ ಹುಳು ಮಾತ್ರ ಬದುಕುತ್ತದೆ, ಅದರ ಸಂತಾನವೇ ಹೆಚ್ಚುತ್ತದೆ. ಗುಲಾಬಿ ಕಾಯಿಕೊರಕ ಮೊದಲು ಒಂದು ಬಿಟಿ ಪ್ರೋಟೀನನ್ನು, ಆಮೇಲೆ ಎರಡು ಪ್ರೋಟೀನ್‌ಗಳಿದ್ದ ಬೋಲ್‌ಗಾರ್ಡ್ 2 ಎಂಬ ಬಿಟಿ ಹತ್ತಿಯನ್ನೂ ಜೀರ್ಣಿಸಿಕೊಂಡಿತು. ಪ್ರೋಟೀನ್ ಕೆಟ್ಟದ್ದಾಗಿರಲಿಲ್ಲ. ಅದನ್ನು ಎಲ್ಲೆಡೆ, ಎಲ್ಲ ಕಾಲ ಇಟ್ಟದ್ದು ತಪ್ಪಾಯಿತು.

ಸಾಸಿವೆ ಹೂವಿನ ಒಂದು ಪದರ

ಈಗ ನ್ಯಾಯಾಲಯದಲ್ಲಿರುವ ಡಿಎಂಎಚ್-11 ಸಾಸಿವೆ. ದೆಹಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಲ್ ಅವರ ತಂಡ ಇದನ್ನು ರೂಪಿಸಿತು. ವಿವಾದ ಅರ್ಥವಾಗಬೇಕಾದರೆ ಮೊದಲು ಮೆಕ್ಕೆಜೋಳದ ಬೀಜೋತ್ಪಾದನೆಯನ್ನು ನೆನೆಯಬಹುದು. ಮೆಕ್ಕೆಜೋಳದಲ್ಲಿ ಗಂಡು ಹೂಗೊಂಚಲು ಗಿಡದ ತುದಿಯಲ್ಲಿದೆ, ತೆನೆ ಪಕ್ಕದಲ್ಲಿದೆ. ಹೈಬ್ರಿಡ್ ಬೀಜ ಬೇಕಾದಾಗ ಹೆಣ್ಣು ಸಾಲಿನ ತುದಿಗಳನ್ನು ಕೂಲಿಯವರು ಕೈಯಿಂದ ಕಿತ್ತುಹಾಕಿದರೆ ಸಾಕು. ಸಾಸಿವೆಯ ಪುಟ್ಟ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಟ್ಟಿಗಿವೆ. ಲಕ್ಷಾಂತರ ಹೂಗಳಿಂದ ಗಂಡುಭಾಗವನ್ನು ಕೀಳುವುದು ಆಗದ ಮಾತು.

ಇಲ್ಲಿಗೆ ಬರುತ್ತದೆ ಬಾರ್ನೇಸ್. ಬ್ಯಾಸಿಲಸ್ ಅಮೈಲೊಲಿಕ್ವಿಫೇಸಿಯೆನ್ಸ್ ಎಂಬ ದುಂಡಾಣುವಿನ ಪ್ರೋಟೀನ್ ಇದು, ಆರ್‌ಎನ್‌ಎಯನ್ನು ತುಂಡರಿಸುತ್ತದೆ. ತನ್ನದೇ ಬಾರ್ನೇಸ್‌ನಿಂದ ತಾನು ಸಾಯದಿರಲು ಆ ದುಂಡಾಣು ಬಾರ್‌ಸ್ಟಾರ್ ಎಂಬ ಪ್ರತಿವಿಷವನ್ನೂ ಮಾಡುತ್ತದೆ. ಇವೆರಡೂ ಅಪ್ಪಿಕೊಳ್ಳುವ ಬಿಗಿ ಪ್ರೋಟೀನ್ ಜಗತ್ತಿನಲ್ಲೇ ಅಪರೂಪದ್ದು. ವಿಜ್ಞಾನಿಗಳು ಬಾರ್ನೇಸ್ ವಂಶವಾಹಿಯನ್ನು ವರುಣಾ ಎಂಬ ಸಾಸಿವೆ ತಳಿಗೆ ಸೇರಿಸಿದರು. ಪರಾಗಕೋಶದ ಒಳಪದರದಲ್ಲಿ ಮಾತ್ರ ಅದು ಕೆಲಸ ಮಾಡುವಂತೆ ನಿಯಂತ್ರಣವನ್ನೂ ಇಟ್ಟರು. ಈ ಪದರ ಪರಾಗಕ್ಕೆ ಉಣಿಸುವ ದಾದಿಯಿದ್ದಂತೆ. ಸಹಜವಾಗಿಯೂ ಅದು ತಕ್ಕ ಕಾಲದಲ್ಲಿ ಯೋಜಿತ ಮರಣ ಹೊಂದಿ ತನ್ನಲ್ಲಿದ್ದುದನ್ನೆಲ್ಲ ಪರಾಗಕ್ಕೆ ಬಿಟ್ಟುಕೊಡುತ್ತದೆ. ಬಾರ್ನೇಸ್ ಅದನ್ನು ಅಕಾಲದಲ್ಲಿ ಸಾಯಿಸುತ್ತದೆ, ಪರಾಗ ಹಸಿದು ಬರಡಾಗುತ್ತದೆ. ಹೀಗೆ ಬರಡಾದ ಗಿಡಕ್ಕೆ ಬಾರ್‌ಸ್ಟಾರ್ ಇರುವ ಇನ್ನೊಂದು ತಳಿಯ ಪರಾಗ ಸೋಕಿದರೆ ಹುಟ್ಟುವ ಹೈಬ್ರಿಡ್ ಬೀಜದಲ್ಲಿ ವಿಷವೂ ಮದ್ದೂ ಎರಡೂ ಇರುತ್ತವೆ. ರೈತನ ಹೊಲದಲ್ಲಿ ಹೂ ಸರಿಯಾಗಿಯೇ ಪರಾಗ ಬಿಡುತ್ತದೆ, ಕಾಯಿ ಕಟ್ಟುತ್ತದೆ.

ಇಷ್ಟೇ ಆಗಿದ್ದರೆ ವಿರೋಧ ಇಷ್ಟು ಬಲವಾಗಿರುತ್ತಿರಲಿಲ್ಲ. ಬಾರ್ನೇಸ್ ಇರುವ ತಳಿಯನ್ನು ಮುಂದುವರಿಸುವಾಗ ಹುಟ್ಟುವ ಸಸಿಗಳಲ್ಲಿ ಅರ್ಧದಷ್ಟರಲ್ಲಿ ಮಾತ್ರ ಅದು ಇರುತ್ತದೆ. ಉಳಿದರ್ಧವನ್ನು ತೆಗೆಯಲು ಮೂರನೆಯ ದುಂಡಾಣು ವಂಶವಾಹಿಯನ್ನು ಜೊತೆಗೆ ಕಟ್ಟಲಾಗಿದೆ. ಸ್ಟ್ರೆಪ್ಟೊಮೈಸಿಸ್ ದುಂಡಾಣುವಿನ ಬಾರ್ ವಂಶವಾಹಿ ಅದು. ಗ್ಲುಫೋಸಿನೇಟ್ ಎಂಬ ಕಳೆನಾಶಕ ಬಿದ್ದರೆ ಸಾಮಾನ್ಯ ಗಿಡದ ಕೋಶದಲ್ಲಿ ಅಮೋನಿಯಾ ತುಂಬಿ ಅದು ಸಾಯುತ್ತದೆ. ಬಾರ್ ಇರುವ ಗಿಡ ಆ ರಾಸಾಯನಿಕವನ್ನು ನಿರ್ವೀರ್ಯಗೊಳಿಸಿ ಬದುಕುತ್ತದೆ. ಅಂದರೆ ಒಂದೇ ಸಾಸಿವೆಯಲ್ಲಿ ಕೊಲ್ಲುವ ಪ್ರೋಟೀನ್, ಅದನ್ನು ತಡೆಯುವ ಪ್ರೋಟೀನ್, ರಾಸಾಯನಿಕದ ಒತ್ತಡವನ್ನು ಸಹಿಸುವ ಪ್ರೋಟೀನ್ ಮೂರೂ ಸೇರಿವೆ.

ಸರ್ಕಾರದ ನಿಲುವು ಹೀಗಿದೆ: ಕಳೆನಾಶಕ ಬೀಜೋತ್ಪಾದನೆಗೆ ಮಾತ್ರ, ರೈತರು ಬಳಸುವಂತಿಲ್ಲ. ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿರುವಾಗ ಹೆಚ್ಚು ಇಳುವರಿಯ ಹೈಬ್ರಿಡ್ ಬೇಕು. ವಿರೋಧಿಗಳ ಉತ್ತರ: ಗಿಡಕ್ಕೆ ತಡೆಯುವ ಶಕ್ತಿ ಬಂದ ಮೇಲೆ ಅಂಗಡಿಯಲ್ಲಿ ಸಿಗುವ ಕಳೆನಾಶಕವನ್ನು ಹೊಡೆಯದಂತೆ ತಡೆಯುವವರು ಯಾರು? ಕಳೆ ಕೀಳುವ ಕೂಲಿಯಿಂದಲೇ ಬದುಕುವ ಹೆಂಗಸರ ಗತಿ ಏನು? ಸುಪ್ರೀಂ ಕೋರ್ಟ್ ನೇಮಿಸಿದ್ದ ತಾಂತ್ರಿಕ ಸಮಿತಿಯ ಬಹುಮತ 2013ರಲ್ಲಿಯೇ ಕಳೆನಾಶಕ ತಡೆಯುವ ಬೆಳೆಗಳು ಭಾರತಕ್ಕೆ ಹೊಂದುವುದಿಲ್ಲ ಎಂದಿತ್ತು. 2022ರ ಅಕ್ಟೋಬರ್‌ನಲ್ಲಿ ಪರಿಸರಕ್ಕೆ ಬಿಡುಗಡೆ ಮಾಡಲು ಅನುಮತಿ ಕೊಟ್ಟಾಗ, ಜೇನುನೊಣಗಳ ಮೇಲಿನ ಪರಿಣಾಮದ ಅಧ್ಯಯನವನ್ನು ಬಿಡುಗಡೆಯ ನಂತರ ಮಾಡುವಂತೆ ಷರತ್ತು ಹಾಕಲಾಯಿತು. ಇದು ಹಿಂದುಮುಂದಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಜೇನು ಸಾಸಿವೆ ಹೂವಿಗೆ ಬರುವುದು ಅನುಮತಿ ಪತ್ರ ನೋಡಿಕೊಂಡಲ್ಲ.

2024ರ ತೀರ್ಪಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅನುಮತಿಯನ್ನು ರದ್ದುಮಾಡಿದರು, ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ಆದರೆ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ಬೇಕು, ರಾಜ್ಯಗಳು ಮತ್ತು ರೈತರನ್ನು ಕೇಳಿಯೇ ಅದನ್ನು ರೂಪಿಸಬೇಕು ಎಂಬಲ್ಲಿ ಇಬ್ಬರೂ ಒಂದೇ ದನಿಯಲ್ಲಿ ಮಾತನಾಡಿದರು. ಸುದ್ದಿಗಳಲ್ಲಿ ಭಿನ್ನಮತ ದೊಡ್ಡದಾಗಿ ಬಂತು, ಈ ಒಮ್ಮತ ಮೂಲೆ ಸೇರಿತು.

ಬರದಲ್ಲಿ ಕಾಯುವ ಪ್ರೋಟೀನ್

ಕಾಯುವ ಪ್ರೋಟೀನಿಗೆ ಸಿಎಸ್‌ಪಿಬಿ ಒಳ್ಳೆಯ ಉದಾಹರಣೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ದುಂಡಾಣುವಿಗೆ ಇದ್ದಕ್ಕಿದ್ದಂತೆ ಚಳಿ ತಗುಲಿದರೆ ಅದರ ಆರ್‌ಎನ್‌ಎ ಎಳೆಗಳು ಗಂಟುಗಂಟಾಗಿ ಸುತ್ತಿಕೊಳ್ಳುತ್ತವೆ, ಸಂದೇಶವನ್ನು ಓದಲಾಗುವುದಿಲ್ಲ. ಈ ಪುಟ್ಟ ಪ್ರೋಟೀನ್ ಎಳೆಗಳನ್ನು ಹಿಡಿದು ಗಂಟಾಗದಂತೆ ನೋಡಿಕೊಳ್ಳುತ್ತದೆ. ಇದನ್ನು ಮೆಕ್ಕೆಜೋಳಕ್ಕೆ ಸೇರಿಸಿದರೆ ನೀರಿನ ಕೊರತೆಯಲ್ಲೂ ಅದೇ ಕೆಲಸ ಮಾಡುತ್ತದೆ ಎಂದು 2008ರಲ್ಲಿ ಪ್ರಕಟವಾಯಿತು. 2011ರ ಕೊನೆಯಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. 2024ರ ಜನವರಿಯಲ್ಲಿ ನೈಜೀರಿಯಾ, ಇದರ ಜೊತೆ ಹುಳು ತಡೆಯುವ ಬಿಟಿ ವಂಶವಾಹಿಯೂ ಇರುವ ಮೆಕ್ಕೆಜೋಳವನ್ನು ಒಪ್ಪಿಕೊಂಡಿತು. ಭಾರತದಲ್ಲಿ ಯಾವ ಕುಲಾಂತರಿ ಮೆಕ್ಕೆಜೋಳದ ವಾಣಿಜ್ಯ ಕೃಷಿಗೂ ಅನುಮತಿ ಇಲ್ಲ.

ಜಗಳೂರಿನಂಥ ತಾಲ್ಲೂಕಿನಲ್ಲಿ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಡುವುದು ಎಷ್ಟು ನಷ್ಟ ತರುತ್ತದೆ ಎಂದು ಬಲ್ಲವರಿಗೆ ಇದು ಆಸೆ ಹುಟ್ಟಿಸುವ ಸುದ್ದಿ. ಆದರೆ ಅಮೆರಿಕದ ಕೃಷಿ ಇಲಾಖೆಯೇ ತನ್ನ ಮೌಲ್ಯಮಾಪನದಲ್ಲಿ ಒಂದು ಮಾತು ಬರೆಯಿತು: ಈ ಮೆಕ್ಕೆಜೋಳ ಬರದಲ್ಲಿ ಉಳಿಸಿಕೊಳ್ಳುವ ಇಳುವರಿ, ಆಯಾ ಪ್ರದೇಶಕ್ಕೆ ಹೊಂದಿಕೊಂಡ ಸಾಮಾನ್ಯ ತಳಿಗಳಲ್ಲಿ ಕಾಣುವ ವ್ಯತ್ಯಾಸವನ್ನು ಮೀರುವುದಿಲ್ಲ. ಇದಕ್ಕೆ ಕಾರಣವೂ ಸರಳ. ಬರ ಎಂದರೆ ಒಂದೇ ಒತ್ತಡವಲ್ಲ. ಬೇರಿನ ಆಳ, ಎಲೆಯ ರಂಧ್ರ, ಮಣ್ಣಿನ ತೇವ, ಹೂ ಬಿಡುವ ದಿನ ಎಲ್ಲವೂ ಸೇರಿ ಬರವನ್ನು ತಾಳುತ್ತವೆ. ಒಂದು ಪ್ರೋಟೀನ್ ಒಂದು ಎಳೆಯನ್ನು ಮಾತ್ರ ಹಿಡಿದಿಡಬಲ್ಲದು.

ಕತ್ತರಿಸಿ ಹೊರಟುಹೋಗುವ ಕ್ಯಾಸ್9

ಮತ್ತೆ ಆರಂಭದ ಭತ್ತಕ್ಕೆ ಬರೋಣ. ಕ್ಯಾಸ್9, ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ದುಂಡಾಣುವಿನ ಪ್ರೋಟೀನ್. ತನ್ನೊಳಗೆ ನುಗ್ಗಿದ ವೈರಸ್‌ನ ಡಿಎನ್‌ಎಯನ್ನು ಗುರುತಿಟ್ಟು ಕತ್ತರಿಸಲು ದುಂಡಾಣು ಅದನ್ನು ಬಳಸುತ್ತದೆ. ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ 2012ರಲ್ಲಿ ಅದನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಸಾಧನವಾಗಿಸಿದರು, 2020ರ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಪೂಸಾ ಡಿಎಸ್‌ಟಿ ರೈಸ್ 1ರಲ್ಲಿ ಎಂಟಿಯು 1010 ತಳಿಯ ಡಿಎಸ್‌ಟಿ ಎಂಬ ವಂಶವಾಹಿಯನ್ನು ಕೆಡಿಸಲಾಗಿದೆ. ಭತ್ತದ ಎಲೆಯ ರಂಧ್ರಗಳನ್ನು ತೆರೆದಿಡುವ ವಂಶವಾಹಿ ಇದು. ಇದು ಕೆಟ್ಟರೆ ರಂಧ್ರದ ಕಾವಲು ಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಾಗುತ್ತದೆ, ರಂಧ್ರ ಮುಚ್ಚಿಕೊಳ್ಳುತ್ತದೆ, ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ಅದೇ ಪೆರಾಕ್ಸೈಡ್ ಮಿತಿ ಮೀರಿದರೆ ಕೋಶದ ಸಾವಿಗೆ ಸೂಚನೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಇಲ್ಲಿಯೂ ಪ್ರಮಾಣದ ಮಾತೇ. ಕಮಲಾ ತಳಿಯಲ್ಲಿ ಸಾಂಬಾ ಮಸೂರಿಯ ಬೇರೊಂದು ವಂಶವಾಹಿಯನ್ನು ಕೆಡಿಸಿ ತೆನೆಯಲ್ಲಿ ಕಾಳು ಹೆಚ್ಚುವಂತೆ ಮಾಡಲಾಗಿದೆ. ಶೇ 19ರಷ್ಟು ಹೆಚ್ಚು ಇಳುವರಿ, 20 ದಿನ ಬೇಗ ಕಟಾವು ಎಂಬುದು ಸಂಶೋಧನಾ ಸಂಸ್ಥೆಯ ಹೇಳಿಕೆ.

ಕೆಲಸ ಮುಗಿದ ಮೇಲೆ ಕ್ಯಾಸ್9ನ ವಂಶವಾಹಿ ಇಲ್ಲದ ಸಸಿಗಳನ್ನು ಮುಂದಿನ ಪೀಳಿಗೆಯಲ್ಲಿ ಆರಿಸಿಕೊಳ್ಳುತ್ತಾರೆ. ಆದ್ದರಿಂದ ರೈತನಿಗೆ ಸಿಗುವ ಬೀಜದಲ್ಲಿ ದುಂಡಾಣುವಿನ ವಂಶವಾಹಿ ಉಳಿದಿರುವುದಿಲ್ಲ. ಈ ಕಾರಣ ಕೊಟ್ಟು ಪರಿಸರ ಸಚಿವಾಲಯ 2022ರ ಮಾರ್ಚ್‌ನಲ್ಲಿ ಇಂಥ ಬೆಳೆಗಳಿಗೆ 1989ರ ಕುಲಾಂತರಿ ನಿಯಮಗಳಿಂದ ವಿನಾಯಿತಿ ನೀಡಿತು. ವಿಜ್ಞಾನದ ದೃಷ್ಟಿಯಿಂದ ಈ ಭೇದ ಸರಿಯಾದದ್ದೇ. ಆದರೆ ವಿನಾಯಿತಿಯ ಜೊತೆಗೆ ಸಾರ್ವಜನಿಕ ಪರಿಶೀಲನೆಯೂ ಕಡಿಮೆಯಾಯಿತು ಎಂಬ ವಿರೋಧಿಗಳ ದೂರಿನಲ್ಲೂ ಹುರುಳಿದೆ. ತಪ್ಪು ಜಾಗದಲ್ಲಿ ಕತ್ತರಿ ಬಿದ್ದಿದೆಯೇ, ಬೇರೆ ಬೇರೆ ಮಣ್ಣಿನಲ್ಲಿ ಇಳುವರಿ ನಿಜಕ್ಕೂ ಎಷ್ಟು ಎಂಬ ದಾಖಲೆಗಳು ಎಲ್ಲರಿಗೂ ಸಿಗಬೇಕು. ಕ್ಯಾಸ್9ರ ಪೇಟೆಂಟ್ ವಿದೇಶಿ ಸಂಸ್ಥೆಗಳ ಕೈಯಲ್ಲಿದೆ. ಗಿಡದಲ್ಲಿ ಪ್ರೋಟೀನ್ ಉಳಿಯದಿದ್ದರೂ ಬೀಜದ ಬೆಲೆಯಲ್ಲಿ ಅದರ ನೆರಳು ಉಳಿಯಬಹುದು.

ನಮ್ಮ ಜಿಲ್ಲೆಗಳಲ್ಲಿ ಏನಾಗಬಹುದು

ಭತ್ತದ ಮಟ್ಟಿಗೆ, ಬೇಗ ಕಟಾವಿಗೆ ಬರುವ ತಳಿ ಭದ್ರಾ ನಾಲೆಯ ಕೊನೆಯ ಭಾಗದವರಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು, ಅವರಿಗೆ ನೀರು ತಲುಪುವುದೇ ತಡವಾಗಿ. ಆದರೆ ಈ ತಳಿಗಳು ಅಂಗಮಾರಿಗೆ ಎಷ್ಟು ನಿಲ್ಲುತ್ತವೆ ಎಂಬುದನ್ನು ಇಲ್ಲಿಯೇ, ನಮ್ಮ ಮಳೆಗಾಲದಲ್ಲೇ ಬೆಳೆದು ನೋಡಬೇಕು. ಕಾಳು ಹೆಚ್ಚಿದರೂ ಎಲೆ ಒಣಗಿದರೆ ಪ್ರಯೋಜನವಿಲ್ಲ.

ಹೆಚ್ಚು ಎಚ್ಚರ ಬೇಕಿರುವುದು ಮೆಕ್ಕೆಜೋಳದಲ್ಲಿ. 2018ರಲ್ಲಿ ದೇಶದಲ್ಲೇ ಮೊದಲು ಕರ್ನಾಟಕದಲ್ಲಿ ಕಾಣಿಸಿಕೊಂಡ ಸೈನಿಕ ಹುಳು ಈ ಭಾಗದ ಬೆಳೆಯನ್ನು ಸುಳಿಯಿಂದಲೇ ತಿಂದಿತು. ಬಿಟಿ ಮೆಕ್ಕೆಜೋಳ ಬೇಕೆನ್ನುವವರ ಮುಖ್ಯ ವಾದ ಇದೇ. ಆದರೆ ಇದೇ ಹುಳು 2006ರಲ್ಲಿ ಪೋರ್ಟೊರಿಕೊದಲ್ಲಿ ಬಿಟಿಯ ಒಂದು ಪ್ರೋಟೀನನ್ನು ಮೀರಿ ನಿಂತಿತ್ತು. ಬೆಲೆಯ ಪ್ರಶ್ನೆಯೂ ಇದೆ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಖರೀದಿ ಕೇಂದ್ರ ಸಕಾಲಕ್ಕೆ ತೆರೆಯದಿದ್ದರೆ ಹೆಚ್ಚಿದ ಇಳುವರಿ ದರವನ್ನು ಇನ್ನಷ್ಟು ಇಳಿಸುತ್ತದೆ. ಅಮೆರಿಕದಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ಶೇ 90ಕ್ಕೂ ಹೆಚ್ಚು ಕುಲಾಂತರಿ. ಅಗ್ಗದ ದರಕ್ಕೆ ಅದು ಬಂದಿಳಿದರೆ ದಾವಣಗೆರೆ ಎಪಿಎಂಸಿಯಲ್ಲಿ ರೈತನಿಗೆ ನಷ್ಟವಾಗುವುದು ಅದರೊಳಗಿನ ಪ್ರೋಟೀನಿನಿಂದಲ್ಲ, ದರದಿಂದ. ಈ ಎರಡು ವಿಷಯಗಳನ್ನು ಬೆರೆಸಿ ಮಾತನಾಡಿದರೆ ರೈತನ ವಾದವೇ ದುರ್ಬಲವಾಗುತ್ತದೆ.

ಒಂದು ವೇಳೆ ಬಿಟಿ ಮೆಕ್ಕೆಜೋಳ ಬಂದೇ ಬಂದರೆ, ಹುಳು ಅದನ್ನು ಮೀರದಂತೆ ನೋಡಿಕೊಳ್ಳಲು ಪಕ್ಕದಲ್ಲಿ ಸಾಮಾನ್ಯ ಮೆಕ್ಕೆಜೋಳದ ಸಾಲುಗಳು ಇರಬೇಕಾಗುತ್ತದೆ. ಅಲ್ಲಿ ಬದುಕುಳಿದ ಹುಳುಗಳು ತಡೆಶಕ್ತಿ ಪಡೆದವುಗಳೊಂದಿಗೆ ಕೂಡಿದರೆ ಆ ಶಕ್ತಿ ಬೇಗ ಹರಡುವುದಿಲ್ಲ. ಹತ್ತಿಯಲ್ಲೂ ಈ ನಿಯಮವಿತ್ತು. ಬಿಟಿ ಬೀಜದ 450 ಗ್ರಾಂ ಪೊಟ್ಟಣದ ಜೊತೆ 120 ಗ್ರಾಂ ಸಾಮಾನ್ಯ ಬೀಜದ ಸಣ್ಣ ಪೊಟ್ಟಣ ಬರುತ್ತಿತ್ತು. ಎರಡು ಎಕರೆಯ ರೈತ ಹುಳುವಿಗೆಂದು ಸಾಲು ಬಿಡಲು ಮನಸ್ಸು ಮಾಡಲಿಲ್ಲ, ಏಕೆ ಬಿಡಬೇಕೆಂದು ಅವನಿಗೆ ವಿವರಿಸಿ ಹೇಳಿದವರೂ ಕಡಿಮೆ. ಆ ಸಣ್ಣ ಪೊಟ್ಟಣಗಳಲ್ಲಿ ಬಹುಪಾಲು ಹೊಲದ ಬದುವಿನಲ್ಲೇ ಉಳಿದವು.